ಜಪಾನಿನ ಇಂಗ್ಲಿಷ್ ಕ್ಲಾಸಿನಲ್ಲಿ ಎರಡು ನಿಮಿಷದ ಸಿನಿಮಾ

‘ಐ ಲಾಸ್ಟ್ ಮೈ ಬ್ಯಾಗ್’ ಅನ್ನೋ ಸಾಲನ್ನು ಜಪಾನಿನ ಹುಡುಗನೊಬ್ಬ ಹೊರಗಿನ ಪದಗಳಿಗೆ ಬಳಸುವ ಕತಕಾನ ಲಿಪಿಯಲ್ಲಿ ಬರೆದುಕೊಂಡು ಓದಿದರೆ ಅದು ‘ಐ ರೊಸುತೊ ಮೈ ಬಗ್ಗು’ ಆಗುತ್ತದೆ. ಎಣಿಸಿದರೆ ಸರಿಯಾಗಿ ಹತ್ತು ಮಾತ್ರೆ. ನಗುವ ಮುಂಚೆ ನಮ್ಮ ಬಸ್ಸು, ಕಾರು, ಬ್ಯಾಗು ನೆನಪಿರಲಿ. ಪದದ ಬಾಲಕ್ಕೆ ಸ್ವರ ಅಂಟಿಸುವ ಚಟ ನಮಗೂ ಇದೆ. ಹತ್ತು ಸಲ ಹೇಳಿಸಿದರೆ ನಾಲಿಗೆ ಪಳಗೀತು. ಆದರೆ ಬೋರ್ಡಿನ ಮುಂದೆ ನಿಲ್ಲಿಸಿ ಹೇಳಿಸಲು ಹೋದರೆ ಬಾಯೇ ಬಿಡುವುದಿಲ್ಲ. ಅದೇ ಕ್ಯಾಮೆರಾ ಮುಂದೆ ‘ಒನ್ ಮೋರ್ ಟೇಕ್’ ಅಂದರೆ ಹನ್ನೆರಡನೇ ಸಲವೂ ಹೇಳುತ್ತಾರೆ. ಇಂಗ್ಲಿಷ್ ಕ್ಲಾಸಿಗೆ ಸಿನಿಮಾ ಬೇಕಾಗುವುದು ಆ ರೀಟೇಕಿಗೆ, ಚಂದದ ಚಿತ್ರಕ್ಕಲ್ಲ.

ಇಲ್ಲಿನ ಜೂನಿಯರ್ ಹೈಸ್ಕೂಲ್ ಅಂದರೆ ನಮ್ಮ ಏಳರಿಂದ ಒಂಬತ್ತನೇ ತರಗತಿ. ವರ್ಷಕ್ಕೆ 140 ಪೀರಿಯಡ್ ಇಂಗ್ಲಿಷ್, ಒಂದೊಂದು 50 ನಿಮಿಷ. ಎಷ್ಟೋ ಕಡೆ ಜಪಾನಿ ಟೀಚರ ಜೊತೆಗೆ ಎಎಲ್‌ಟಿ ಅನ್ನುವ ಸಹಾಯಕ ಶಿಕ್ಷಕರೂ ಇರುತ್ತಾರೆ. ಹೊರದೇಶದ ಯುವಜನರನ್ನು ಶಾಲೆಗಳಿಗೆ ಕರೆಸುವ 1987ರ ಜೆಟ್ ಕಾರ್ಯಕ್ರಮದಿಂದ ಹರಡಿದ ಪದ್ಧತಿ ಅದು. ಸರ್ಕಾರದ ಗಿಗಾ ಸ್ಕೂಲ್ ಯೋಜನೆ ಬಂದಮೇಲೆ ಮಗುವಿಗೊಂದು ಟ್ಯಾಬ್ಲೆಟ್ಟೋ ಲ್ಯಾಪ್‌ಟಾಪೋ ಸಿಕ್ಕಿದೆ. ಸಲಕರಣೆಗೆ ಕೊರತೆಯಿಲ್ಲ, ಕೊರತೆ ಸಮಯಕ್ಕೆ. ಸಿನಿಮಾದ ಕೆಲಸ ಏಳು ಪೀರಿಯಡ್ ಮೀರಿದರೆ ಪಾಠಪುಸ್ತಕ ಹಿಂದೆ ಬೀಳುತ್ತದೆ.

ಗುಂಪಿಗೆ ಐದು ಜನ ಸಾಕು. ಆರನೆಯವನು ಯಾವಾಗಲೂ ಬ್ಯಾಗ್ ಕಾಯುತ್ತಾ ಕೂತಿರುತ್ತಾನೆ. ಸಿನಿಮಾ ಎರಡು ನಿಮಿಷ, ಮಾತು 150 ಪದದೊಳಗೆ, ಪ್ರತಿಯೊಬ್ಬರಿಗೂ ಕನಿಷ್ಠ ನಾಲ್ಕು ಸಾಲು. ಮೊದಲ ಮೂರು ಪೀರಿಯಡ್ ಕತೆಗೆ, ಸ್ಕ್ರಿಪ್ಟಿಗೆ, ಗಟ್ಟಿಯಾಗಿ ಓದಿಕೊಳ್ಳುವುದಕ್ಕೆ. ಜಪಾನಿ ಭಾಷೆಯಲ್ಲಿ ಯೋಚಿಸಿ ಅನುವಾದದ ಆ್ಯಪಿಗೆ ಹಾಕುವವರು ಇದ್ದೇ ಇರುತ್ತಾರೆ. ಅಂಥ ಸಾಲುಗಳು ಉದ್ದ, ಬಾಯಿಗೆ ಕೂರುವುದಿಲ್ಲ. ಒಂದು ಸಾಲಿಗೆ ಎಂಟು ಪದ ಅನ್ನುವ ಮಿತಿ ಹಾಕಿದರೆ ಅರ್ಧ ಕಾಟ ತಪ್ಪುತ್ತದೆ. ದೃಶ್ಯಗಳನ್ನು ಮೊದಲೇ ಬಿಡಿಸಿಕೊಳ್ಳುವ ಸ್ಟೋರಿಬೋರ್ಡಿಗೆ ಎಂಟೇ ಚೌಕ, ಕಡ್ಡಿಗೊಂಬೆ ಮಾತ್ರ. ಇದು ಮಾಂಗಾ ಕಾಮಿಕ್ಸ್ ಓದಿ ಬೆಳೆದ ನಾಡು. ಬಿಟ್ಟರೆ ಕಣ್ಣಿನ ರೆಪ್ಪೆ ಬಿಡಿಸುವುದರಲ್ಲೇ ಎರಡು ಪೀರಿಯಡ್ ಮುಗಿಯುತ್ತದೆ.

ಶೂಟಿಂಗಿಗೆ ಎರಡು ಪೀರಿಯಡ್. ಇಲ್ಲಿ ಇಂಗ್ಲಿಷ್ ಸಾಯುವುದು ಕ್ಯಾಮೆರಾದ ಹಿಂದೆ: ಡೈಲಾಗ್ ಮಾತ್ರ ಇಂಗ್ಲಿಷ್, ಉಳಿದ ಜಗಳವೆಲ್ಲ ಜಪಾನಿ. ‘ಕ್ವಯಟ್ ಪ್ಲೀಸ್’, ‘ರೋಲಿಂಗ್’, ‘ಕಟ್’, ‘ಲೌಡರ್’, ‘ಯುವರ್ ಲೈನ್’ ಹೀಗೆ ಹತ್ತು ಆಜ್ಞೆಗಳ ಕಾರ್ಡು ಕೊರಳಿಗೆ ಹಾಕಿಸಿ, ನಿರ್ದೇಶಕನ ಕುರ್ಚಿಯನ್ನು ದೃಶ್ಯಕ್ಕೊಬ್ಬರಿಗೆ ಕೊಡಬೇಕು.

ಇನ್ನು ಸದ್ದು. ಹಾಳಾಗುವ ಹತ್ತು ಸಿನಿಮಾದಲ್ಲಿ ಒಂಬತ್ತು ಸದ್ದಿನಿಂದಲೇ ಹಾಳಾಗುತ್ತವೆ ಅಂದರೂ ತಪ್ಪಿಲ್ಲ. ಕಾರಿಡಾರ್ ಗುಯ್‌ಗುಟ್ಟುತ್ತದೆ, ಪಕ್ಕದ ಕ್ಲಾಸಿನ ಕೋರಸ್ ಕೇಳುತ್ತದೆ, ಜುಲೈಯಲ್ಲಿ ಕಿಟಕಿ ತೆರೆದರೆ ಜೀರುಂಡೆಯದೇ ರಾಜ್ಯಭಾರ. ಎರಡು ಮೀಟರ್ ದೂರದ ಟ್ಯಾಬ್ಲೆಟ್ಟಿಗೆ ಮಾತಿಗಿಂತ ಗೋಡೆಯ ಪ್ರತಿಧ್ವನಿಯೇ ಜೋರು. ಇನ್ನೊಂದು ಟ್ಯಾಬ್ಲೆಟ್ಟಿನಲ್ಲಿ ವಾಯ್ಸ್ ರೆಕಾರ್ಡರ್ ಹಚ್ಚಿ, ಮಾತಾಡುವವರಿಂದ ಅರ್ಧ ಮೀಟರಿನೊಳಗೆ, ಮೇಜಿನ ಮೇಲಿನ ಪುಸ್ತಕಗಳ ಹಿಂದೆ ಬಚ್ಚಿಡಿ. ಪ್ರತಿ ಟೇಕಿನ ಶುರುವಿಗೆ ಒಂದು ಚಪ್ಪಾಳೆ ಇರಲಿ. ಎಡಿಟಿಂಗಿನಲ್ಲಿ ಚಿತ್ರ-ಸದ್ದು ಹೊಂದಿಸಲು ಅದೇ ಗುರುತು. ಬಟ್ಟೆಯ ಪರದೆ ಇರುವ ಕೋಣೆ ಒಳ್ಳೆಯದು, ಪ್ರತಿಧ್ವನಿ ಕಡಿಮೆ. ಕಿಟಕಿಗೆ ಬೆನ್ನು ಕೊಟ್ಟು ನಿಂತರೆ ಮುಖ ಕಪ್ಪಾಗುತ್ತದೆ, ಟ್ಯಾಬ್ಲೆಟ್ ಅಡ್ಡವಾಗೇ ಹಿಡಿಯಬೇಕು. ಐಪ್ಯಾಡ್ ಆದರೆ 4ಕೆ ಬಿಟ್ಟು 1080ಪಿ ಇಡಿಸಿ: ನಿಮಿಷಕ್ಕೆ ಸುಮಾರು 170 ಎಂಬಿ ಆಗುವುದು 60ಕ್ಕೆ ಇಳಿಯುತ್ತದೆ. ಇಲ್ಲದಿದ್ದರೆ ಏಳು ಗುಂಪು ಒಟ್ಟಿಗೆ ಅಪ್‌ಲೋಡ್ ಮಾಡುವಾಗ ಶಾಲೆಯ ವೈಫೈ ಕೈ ಎತ್ತುತ್ತದೆ.

ಎಡಿಟಿಂಗ್ ಒಂದೇ ಪೀರಿಯಡ್. ಅಂಕವೂ 20ಕ್ಕೆ 3 ಮಾತ್ರ. ಜಾಸ್ತಿ ಇಟ್ಟರೆ ಕಂಪ್ಯೂಟರ್ ಬಲ್ಲ ಒಬ್ಬ ಹುಡುಗನೇ ಎಲ್ಲ ಮಾಡಿ ಉಳಿದವರು ನೋಡುತ್ತಾ ನಿಲ್ಲುತ್ತಾರೆ. ದೊಡ್ಡ ಪಾಲು ಅರ್ಥವಾಗುವ ಮಾತಿಗೆ ಸಿಗಲಿ. ಅಳೆಯುವ ದಾರಿ ಸುಲಭ: ಮೊದಲು ಸಬ್‌ಟೈಟಲ್ ಇಲ್ಲದೆ ತೋರಿಸಿ, ಪಕ್ಕದ ಗುಂಪು ಕೇಳಿಸಿದ್ದನ್ನು ಬರೆಯಲಿ. ‘ಲಾಸ್ಟ್’ ಅಂದದ್ದನ್ನು ಅವರು ‘ರೋಸ್ಟ್’ ಅಂತ ಬರೆದುಕೊಂಡರೆ ಟೀಚರು ತಿದ್ದುವ ಅಗತ್ಯವೇ ಇಲ್ಲ, ಹುಡುಗರೇ ಇನ್ನೊಂದು ಟೇಕ್ ಕೇಳುತ್ತಾರೆ.

ಕಾಗದಪತ್ರದ ಕೆಲಸ ಮೊದಲ ಪೀರಿಯಡ್ಡಿಗೂ ಮುಂಚೆಯೇ ಆಗಬೇಕು. ಮಗುವಿನ ಮುಖ ಹೊರಗೆ ಹೋಗುವ ವಿಷಯದಲ್ಲಿ ಇಲ್ಲಿನ ಶಾಲೆಗಳು ಬಹಳ ಬಿಗಿ. ಪೋಷಕರ ಸಹಿಯಿಲ್ಲದೆ ಏನೂ ನಡೆಯದು. ಸಹಿ ಬಾರದ ಮಗುವನ್ನು ಕ್ಯಾಮೆರಾ ಹಿಡಿಯಲು ಹಚ್ಚಿ ಕೈತೊಳೆದುಕೊಂಡರೆ ಅದಕ್ಕೆ ಇಂಗ್ಲಿಷ್ ಮಾತೇ ಸಿಗುವುದಿಲ್ಲ. ಅಂಥ ಮಗುವಿಗೆ ಫೋನಿನ ಆಚೆ ಬದಿಯ ದನಿಯನ್ನೋ, ಸ್ಟೇಷನ್ನಿನ ಅನೌನ್ಸ್‌ಮೆಂಟನ್ನೋ ಬರೆದುಕೊಡಿ. ನಾಲ್ಕು ಸಾಲು ಅಲ್ಲೂ ಕಡ್ಡಾಯ.