ಮಳೆ 16 ಸೆಂಟಿಮೀಟರ್, ಗೊದಮೊಟ್ಟೆ ಒಂದು

ಹೈಸ್ಕೂಲಿನ ಮೊದಲ ತಿಂಗಳು ಯಾವ ಪಾಠ ಆಯಿತು ಎಂದು ಕೇಳಿದರೆ ನನಗೆ ಒಂದಕ್ಷರ ನೆನಪಿಲ್ಲ. ಒದ್ದೆ ಚಡ್ಡಿ ಮಾತ್ರ ಚೆನ್ನಾಗಿ ನೆನಪಿದೆ. 1977ರ ಜೂನ್. ಹಿರಿಯಡ್ಕದಿಂದ ಒಳಗಿರುವ ನಮ್ಮ ಹಳ್ಳಿಯ ಶಾಲೆಯಲ್ಲಿ ಏಳನೇ ಕ್ಲಾಸು ಮುಗಿಸಿ, ಈ ಸಂಚಿಕೆ ತರುತ್ತಿರುವ ಉಡುಪಿಯ ಈ ಶಾಲೆಗೆ ಎಂಟಕ್ಕೆ ಸೇರಿದ್ದೆ. ಗದ್ದೆಯ ಅಂಚಿನಲ್ಲಿ ನಡೆದು ರಸ್ತೆಗೆ ಬರುವಷ್ಟರಲ್ಲಿ ಹವಾಯಿ ಚಪ್ಪಲಿ ಹಾರಿಸಿದ ಕೆಸರು ನೀಲಿ ಚಡ್ಡಿಯ ಹಿಂದೆಲ್ಲ ಚುಕ್ಕಿ ಇಟ್ಟಿರುತ್ತಿತ್ತು. ಪೇಟೆಯ ಮಕ್ಕಳ ಚಡ್ಡಿಯಲ್ಲಿ ಚುಕ್ಕಿ ಇಲ್ಲ. ಯಾರು ಎಲ್ಲಿಯವರು ಎಂದು ಹಿಂದಿನಿಂದ ನೋಡಿದರೇ ಗೊತ್ತಾಗುತ್ತಿತ್ತು.

ಬಸ್ಸು ಇನ್ನೊಂದು ತಲೆನೋವು. ಆತ್ರಾಡಿ, ಪರ್ಕಳ, ಮಣಿಪಾಲ ದಾಟಿ ಉಡುಪಿಗೆ ಇಳಿಯಬೇಕು. ಶಾಲೆ ಮಕ್ಕಳಿಗೆ ಟಿಕೆಟು ಕಮ್ಮಿ, ಹಾಗಾಗಿ ಕಂಡಕ್ಟರನಿಗೆ ನಮ್ಮನ್ನು ಕಂಡರೆ ಆಗದು. ಸ್ಟಾಪಿನಲ್ಲಿ ಮಕ್ಕಳು ಜಾಸ್ತಿ ಇದ್ದರೆ ಬಸ್ಸು ಅಷ್ಟು ದೂರ ಹೋಗಿ ನಿಲ್ಲುತ್ತಿತ್ತು. ಕೊಡೆ ಮಡಚಿ, ಚೀಲವನ್ನು ಹೊಟ್ಟೆಗೆ ಅವುಚಿಕೊಂಡು ನಾವು ಓಡಬೇಕು. ಒಂದು ಕಾಲು ಮೆಟ್ಟಿಲಿಗೆ ಇಡುವಾಗಲೇ ‘ರೈಟ್ ಪೋಯಿ’ ಕೇಳಿಸುತ್ತಿತ್ತು.

ಹಳ್ಳಿಯಲ್ಲಿ ಬೆಳಗ್ಗಿನಿಂದ ಸಂಜೆಯ ತನಕ ಒಬ್ಬರೇ ಮಾಷ್ಟ್ರು. ಅವರಿಗೆ ನನ್ನ ಅಜ್ಜಿಯ ಕಾಲುನೋವೂ ಗೊತ್ತಿತ್ತು. ಇಲ್ಲಿ ಮುಕ್ಕಾಲು ಗಂಟೆಗೊಮ್ಮೆ ಬೆಲ್ಲು ಹೊಡೆಯುತ್ತದೆ, ಇನ್ನೊಬ್ಬರು ಬರುತ್ತಾರೆ, ಇನ್ನೊಂದು ಪುಸ್ತಕ ತೆಗೆಯಿರಿ ಎನ್ನುತ್ತಾರೆ. ಟೈಮ್ ಟೇಬಲ್ ಎಂಬುದು ನನ್ನ ತಲೆಗೆ ಹೋಗಲೇ ಇಲ್ಲ. ಎಲ್ಲ ಪುಸ್ತಕವನ್ನೂ ದಿನಾ ಹೊರುತ್ತಿದ್ದೆ. ಅದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದಿತ್ತು. ನಮ್ಮ ಶಾಲೆಗೆ ನಾನೇ ಫಸ್ಟು. ಎಂಟನೇ ಎ ಸೆಕ್ಷನ್ನಿನಲ್ಲಿ ವಿಚಾರಿಸಿದರೆ ನನ್ನ ಬೆಂಚಿನಲ್ಲಿ ಕೂತವರೆಲ್ಲ ಅವರವರ ಶಾಲೆಗೆ ಫಸ್ಟು! ಒಬ್ಬ ಮಲ್ಪೆಯವನು, ಅವನ ತಂದೆ ಬೋಟಿಗೆ ಹೋಗುವವರು. ಇನ್ನೊಬ್ಬ ಕುಂದಾಪುರ ಕಡೆಯವನು, ಉಡುಪಿಯ ಮಾವನ ಮನೆಯಲ್ಲಿ ಇದ್ದವನು. ಅವನ ‘ಹೋತೆ, ಬತ್ತೆ’ ಕೇಳಿ ತುಳು ಮನೆಯ ನಾವಿಬ್ಬರು ನಗುತ್ತಿದ್ದೆವು. ನಮ್ಮ ಪುಸ್ತಕದ ಕನ್ನಡ ಕೇಳಿ ಅವನು ನಗುತ್ತಿದ್ದ. ಮಧ್ಯಾಹ್ನ ಬುತ್ತಿ ಬಿಚ್ಚಿದರೆ ಮೂವರದ್ದೂ ಅದೇ ಕುಚ್ಚಲಕ್ಕಿ, ಅದೇ ಮಿಡಿ ಉಪ್ಪಿನಕಾಯಿ. ಹಾಗೆ ದೋಸ್ತಿಯಾಯಿತು.

ಆಗ ಶಾಲೆಗೆ ಹಂಚಿನ ಮಾಡು. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆ ಶುರುವಾದರೆ ಪಕ್ಕದವನ ಮಾತೂ ಕೇಳುತ್ತಿರಲಿಲ್ಲ. ನಮ್ಮ ಕನ್ನಡ ಪಂಡಿತರು ತಾಳಮದ್ದಳೆಯಲ್ಲಿ, ಅಂದರೆ ವೇಷವಿಲ್ಲದ ಯಕ್ಷಗಾನದಲ್ಲಿ, ಅರ್ಥ ಹೇಳುವವರು. ಮಳೆಗೆ ಸೋಲುವ ಜನ ಅಲ್ಲ. ಮಳೆ ಏರಿದಷ್ಟು ಅವರ ಸ್ವರವೂ ಏರುತ್ತಿತ್ತು. ಕರ್ಣನ ಪರ ಮಾತಾಡುತ್ತಿದ್ದಾರೋ ಕೃಷ್ಣನ ಪರವೋ ಎಂದು ಮೂರನೇ ಬೆಂಚಿನ ನಮಗೆ ತಿಳಿಯುತ್ತಿರಲಿಲ್ಲ. ಕೈ, ಕಣ್ಣು, ಹುಬ್ಬು ನೋಡುತ್ತಾ ಕೂರುವುದೇ ಒಂದು ಚಂದ.

ಗಣಿತದ ಸರ್ ಇದಕ್ಕೆ ತದ್ವಿರುದ್ಧ. ಮಳೆ ಜೋರಾಯಿತೋ, ಅವರು ಮಾತು ನಿಲ್ಲಿಸಿ ಸುಮ್ನೆ ಕಿಟಕಿಯ ಹತ್ತಿರ ನಿಂತುಬಿಡುತ್ತಿದ್ದರು. ಬಿಳಿ ಮುಂಡು, ಅರ್ಧ ತೋಳಿನ ಅಂಗಿ, ಕಿಸೆಯಲ್ಲಿ ಚಾಕ್‌ಪೀಸಿನ ತುಂಡುಗಳು. ಪುಸ್ತಕದ ಮೊದಲ ಪಾಠವನ್ನು ಅವರು ಯಾವಾಗ ಶುರು ಮಾಡಿದರೋ, ದೇವರಿಗೇ ಗೊತ್ತು. ‘ಮೊದಲು ನಿಮಗೆ ಈ ಶಾಲೆ ಅಭ್ಯಾಸ ಆಗಲಿ ಮಾರಾಯ್ರೆ’ ಎಂದು ಒಂದು ಸಲ ಹೇಳಿದ್ದರು, ಅಷ್ಟೇ.

ಪಾಠದ ಬದಲಿಗೆ ಅವರು ತಂದದ್ದು ಒಂದು ಖಾಲಿ ತಗಡಿನ ಡಬ್ಬ. ಧ್ವಜಕಂಬದ ಹತ್ತಿರ, ಮರದ ನೆರಳಾಗಲಿ ಮಾಡಿನ ನೀರಾಗಲಿ ಬೀಳದ ಜಾಗ ನೋಡಿ ಇಟ್ಟರು. ಗಾಳಿಗೆ ಬೀಳದ ಹಾಗೆ ಸುತ್ತ ಮೂರು ಮುರಕಲ್ಲು. ಡಬ್ಬದ ಬಾಯಿ ಎಷ್ಟು ಅಗಲವೋ ತಳವೂ ಅಷ್ಟೇ ಇರಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ ಎಂದು ಹೇಳಿಕೊಟ್ಟರು. ದಿನಾ ಪ್ರಾರ್ಥನೆಗೆ ಮೊದಲು ಮರದ ಸ್ಕೇಲನ್ನು ನೇರ ಇಳಿಸಿ, ಎಲ್ಲಿಯ ತನಕ ಒದ್ದೆಯಾಗಿದೆ ನೋಡಿ, ನೀರು ಚೆಲ್ಲಿ ಮತ್ತೆ ಇಡುವುದು. ಅದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಅಕ್ಷರ ಚೆನ್ನಾಗಿದ್ದುದರಿಂದ ಆ ಕೆಲಸ ನನಗೆ ಬಂತು. (ಇದೇ ಅಕ್ಷರವನ್ನು ಮುಂದೆ ಬ್ಯಾಂಕಿನ ದೊಡ್ಡ ಸಾಹೇಬರೂ ಹೊಗಳಿದ್ದುಂಟು.)

ಆಮೇಲೆ ಲೆಕ್ಕ. ಒಂದು ಚದರ ಮೀಟರ್ ಜಾಗಕ್ಕೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸರಿಯಾಗಿ ಒಂದು ಲೀಟರ್. ನಮ್ಮ ಕ್ಲಾಸನ್ನು ಟೇಪು ಹಿಡಿದು ಅಳೆಯಿಸಿದರು. 8 ಮೀಟರ್ ಉದ್ದ, 6 ಮೀಟರ್ ಅಗಲ. 100 ಮಿಲಿಮೀಟರ್ ಮಳೆ ಬಂದ ದಿನ ನಮ್ಮ ತಲೆಯ ಮೇಲಿನ ಮಾಡಿನಿಂದ ಇಳಿದ ನೀರು 4,800 ಲೀಟರ್. 12 ಲೀಟರಿನ ಕೊಡಪಾನದಲ್ಲಿ ಹೊತ್ತರೆ 400 ಕೊಡ! ಆಗ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, ‘ಮಾಡು ಇಳಿಜಾರು ಅಲ್ವಾ ಸರ್, ಹಂಚಿನ ಜಾಗ ನೆಲಕ್ಕಿಂತ ಜಾಸ್ತಿ ಆಗುವುದಿಲ್ವಾ?’ ಎಂದು ಕೇಳಿದಳು. ಸರ್ ಮುಖ ಅರಳಿದ್ದನ್ನು ನೋಡಬೇಕಿತ್ತು. ಮಡಚಿದ ಕೊಡೆ, ಬಿಚ್ಚಿದ ಕೊಡೆ ಎರಡನ್ನೂ ತರಿಸಿ ತೋರಿಸಿದರು. ಮಳೆ ಮೇಲಿನಿಂದ ಬರುವುದು. ಮಾಡು ನೆಲದ ಎಷ್ಟು ಜಾಗ ಮುಚ್ಚುತ್ತದೋ ಅಷ್ಟೇ ಲೆಕ್ಕ. ಇಳಿಜಾರು ಎಷ್ಟಿದ್ದರೂ ಹನಿ ಜಾಸ್ತಿ ಸಿಗುವುದಿಲ್ಲ. ನಮ್ಮ ಕರಾವಳಿಗೆ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಬಿದ್ದ ನೀರೆಲ್ಲ ಹರಿಯದೆ ನಿಂತರೆ ಕ್ಲಾಸಿನ ಬಾಗಿಲು ಮುಳುಗಿ ಅದರ ಮೇಲೆ ಬರುತ್ತದೆ ಎಂದು ಗೊತ್ತಾದ ದಿನ ನಾವೆಲ್ಲ ಬಾಗಿಲನ್ನೇ ನೋಡುತ್ತಾ ಕೂತೆವು.

ಈಗ ತಂಟೆಯ ವಿಷಯಕ್ಕೆ ಬರುತ್ತೇನೆ.

ಆ ಕಾಲದಲ್ಲಿ ಮಳೆಯ ರಜೆ ಕೊಡಬೇಕೋ ಬೇಡವೋ ಎಂದು ಹೆಡ್ ಮಾಸ್ಟ್ರು ಆಕಾಶ ನೋಡಿ ಹೇಳುತ್ತಿದ್ದರು. ಡಬ್ಬ ಬಂದ ಮೇಲೆ ಅವರೂ ಗಣಿತದ ಸರ್ ಹತ್ತಿರ ‘ಎಷ್ಟು ಬಂತು?’ ಎಂದು ಕೇಳುವುದನ್ನು ನಾವು ಕೇಳಿಸಿಕೊಂಡೆವು. 15 ಸೆಂಟಿಮೀಟರ್ ದಾಟಿದರೆ ಬಸ್ಸಿನ ಮಕ್ಕಳನ್ನು ಮಧ್ಯಾಹ್ನವೇ ಬಿಡುತ್ತಾರೆ ಎಂದು ಹೇಗೋ ಸುದ್ದಿಯಾಯಿತು. ಯಾರು ಹಬ್ಬಿಸಿದರೋ ಏನೋ, ಮಲ್ಪೆಯವನ ಮೇಲೆ ನನಗೆ ಈಗಲೂ ಸಂಶಯ. ಅವತ್ತು ರಾತ್ರಿ ಸಾಧಾರಣ ಮಳೆ. ಬೆಳಗ್ಗೆ ಹೊಳವಾಗಿತ್ತು. ನಾವು ಮೂವರು ಬೇಗ ಬಂದವರು ಸ್ಕೇಲು ಇಳಿಸಿ ನೋಡಿದರೆ ನಾಲ್ಕೇ ಸೆಂಟಿಮೀಟರ್. ಶಾಲೆಯ ಹಿಂದೆ ಒಂದು ಹೊಂಡ ಇತ್ತು. ಕುಂದಾಪುರದವನು ತನ್ನ ಬುತ್ತಿಯ ಮುಚ್ಚಳದಲ್ಲಿ ನೀರು ತಂದು ಹೊಯ್ದ. ನಾನು ಸ್ಕೇಲು ಹಿಡಿದು ‘ಇನ್ನು ಸ್ವಲ್ಪ, ಇನ್ನು ಸ್ವಲ್ಪ’ ಎನ್ನುತ್ತಿದ್ದೆ. 15 ಸಾಲದು, ಒಂದು ಜಾಸ್ತಿಯೇ ಇರಲಿ ಎಂದು 16ಕ್ಕೆ ನಿಲ್ಲಿಸಿದೆವು.

ಸರ್ ಬಂದರು. ಸ್ಕೇಲು ಇಳಿಸಿದರು. ಬಗ್ಗಿ ಡಬ್ಬದ ಒಳಗೆ ನೋಡಿದರು. ತುಂಬ ಹೊತ್ತು ನೋಡಿದರು. ಏನೂ ಹೇಳದೆ ಕ್ಲಾಸಿಗೆ ಬಂದು ಬೋರ್ಡಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದರು: ‘ಮಳೆ 16 ಸೆಂಟಿಮೀಟರ್. ಗೊದಮೊಟ್ಟೆ ಒಂದು.’

ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು, ನಮ್ಮ ಬೆಂಚು ಬಿಟ್ಟು. ಸರ್ ನಗಲಿಲ್ಲ. ‘ಅಂಬಲಪಾಡಿಯಲ್ಲಿ ನನ್ನ ಮನೆ ಅಂಗಳದಲ್ಲೂ ಒಂದು ಡಬ್ಬ ಉಂಟು. ಅದರಲ್ಲಿ ನಾಲ್ಕು. ಇಲ್ಲಿ ಹದಿನಾರು. ಹಾಗಾದರೆ ಕಲ್ಸಂಕದ ತೋಡು ಉಕ್ಕಿ ರಸ್ತೆಗೆ ಬಂದಿರಬೇಕಲ್ಲ? ನೀನು ಹೇಗೆ ದಾಟಿದೆ?’ ಎಂದು ನನ್ನನ್ನೇ ಕೇಳಿದರು. ನನ್ನ ಅಕ್ಷರ ಎಷ್ಟು ಚೆನ್ನಾಗಿದ್ದರೂ ಆ ಹೊತ್ತಿಗೆ ಉಪಯೋಗಕ್ಕೆ ಬರಲಿಲ್ಲ.

ಪೆಟ್ಟು ಬೀಳಲಿಲ್ಲ. ಬೋರ್ಡಿಗೆ ಕರೆದು ಲೆಕ್ಕ ಮಾಡಿಸಿದರು. ಡಬ್ಬದ ವ್ಯಾಸ 14 ಸೆಂಟಿಮೀಟರ್. ನೀವು ಏರಿಸಿದ್ದು 12 ಸೆಂಟಿಮೀಟರ್. ಹೊಯ್ದ ನೀರೆಷ್ಟು? ಏಳು ಏಳಲ ನಲವತ್ತೊಂಬತ್ತು, ಅದಕ್ಕೆ 22 ಗುಣಿಸಿ ಏಳರಿಂದ ಭಾಗಿಸಿ, ಹನ್ನೆರಡರಿಂದ ಗುಣಿಸಿ, ಬೆವರುತ್ತಾ 1,848 ಮಿಲಿಲೀಟರಿಗೆ ಬಂದು ಮುಟ್ಟಿದೆವು. ‘ಸರಿ. ಅದರಲ್ಲಿ ಗೊದಮೊಟ್ಟೆಯ ಪಾಲು ಎಷ್ಟು?’ ಎಂದರು. ಆಗ ಅವರಿಗೂ ನಗು ತಡೆಯಲಾಗಲಿಲ್ಲ. ಮಳೆಗಾಲ ಮುಗಿಯುವ ತನಕ ಡಬ್ಬದ ಜವಾಬ್ದಾರಿ ನಮ್ಮ ಮೂವರದ್ದೇ ಆಯಿತು. ಶನಿವಾರವೂ ಬಿಡುವಂತಿಲ್ಲ. ಅವತ್ತಿನಿಂದ ನಾವು ಶಾಲೆಯಲ್ಲಿ ಫೇಮಸ್ಸು. ಹತ್ತನೇ ಕ್ಲಾಸಿನ ಅಣ್ಣಂದಿರೂ ನಮ್ಮನ್ನು ಗುರುತು ಹಿಡಿದು ‘ಎಂತದಾ ಗೊದಮೊಟ್ಟೆ’ ಎಂದು ಮಾತಾಡಿಸುತ್ತಿದ್ದರು. ಚಡ್ಡಿಯ ಚುಕ್ಕಿಯನ್ನು ಮತ್ತೆ ಯಾರೂ ನೋಡಲಿಲ್ಲ, ನಾನೂ ನೋಡಿಕೊಳ್ಳಲಿಲ್ಲ.

ಮುಂದೆ ನಾನು ಬ್ಯಾಂಕಿಗೆ ಸೇರಿದೆ. ಚೀಫ್ ಮ್ಯಾನೇಜರ್ ಆಗಿ ನಿವೃತ್ತನಾದೆ. ಹೇಳಿಕೊಳ್ಳುವುದಲ್ಲ, ಸಂಚಿಕೆಯ ಸಂಪಾದಕರಾದ ಟೀಚರ್ ನನ್ನ ಪರಿಚಯವನ್ನೂ ಸೇರಿಸಿ ಬರೆಯಿರಿ ಎಂದಿದ್ದಾರೆ. ಮಾರ್ಚ್ ಕೊನೆಗೆ ಬ್ರಾಂಚುಗಳಿಂದ ಬರುವ ಡಿಪಾಸಿಟ್ಟಿನ ಅಂಕಿ ತುಂಬ ಚಂದ ಕಂಡರೆ ನಾನು ಮೊದಲು ಗೊದಮೊಟ್ಟೆ ಹುಡುಕುತ್ತಿದ್ದೆ. ಹೆಚ್ಚಿನ ಸಲ ಸಿಗುತ್ತಿತ್ತು.

ಮಂಗಳೂರಿನಲ್ಲಿ ನಮ್ಮ ಫ್ಲ್ಯಾಟಿನ ಎದುರು ಮನೆಯ ಹುಡುಗಿ ಈ ವರ್ಷ ಎಂಟಕ್ಕೆ ಸೇರಿದ್ದಾಳೆ. ಏಪ್ರಿಲ್‌ನಲ್ಲೇ ಟ್ಯೂಷನ್ ಶುರು. ಎಂಟನೇ ಕ್ಲಾಸಿಗೇ ನೀಟ್, ಜೆಇಇಗೆ ಫೌಂಡೇಶನ್ ಅಂತೆ. ಹೊಸ ಶಾಲೆಯ ಬಾತ್‌ರೂಮ್ ಎಲ್ಲಿದೆ ಎಂದು ಗೊತ್ತಾಗುವ ಮೊದಲೇ ಟೆಸ್ಟು, ಅದರ ಮಾರ್ಕು ಅಮ್ಮನ ಮೊಬೈಲಿಗೆ. ಸರ್ಕಾರದವರು ಜೂನ್ ತಿಂಗಳಲ್ಲಿ ಸೇತುಬಂಧ ಎಂದು ಇಟ್ಟಿದ್ದಾರೆ, ಹಿಂದಿನ ತರಗತಿಯದ್ದನ್ನು ಮತ್ತೆ ನೆನಪಿಸುವುದಕ್ಕೆ. ಒಳ್ಳೆಯದೇ. ಆದರೆ ಅದಕ್ಕೂ ಪರೀಕ್ಷೆ, ಅದಕ್ಕೂ ದಾಖಲೆ. ಪಾಪ, ಟೀಚರುಗಳದ್ದೂ ತಪ್ಪಲ್ಲ. ಒಂದು ತಿಂಗಳು ಪುಸ್ತಕ ಮುಟ್ಟದೆ ಡಬ್ಬ ಇಟ್ಟು ಕೂತರೆ ಇವತ್ತು ಯಾವ ಹೆಡ್ ಮಾಸ್ಟ್ರು ಬಿಡುತ್ತಾರೆ? ಮೊದಲು ಪೋಷಕರೇ ಬಿಡುವುದಿಲ್ಲ, ನಾನೂ ಬಿಡುತ್ತಿದ್ದೆನೋ ಇಲ್ಲವೋ. ರಜೆಯ ಲೆಕ್ಕವೂ ಈಗ ಬೇರೆ. ಆರೆಂಜ್ ಅಲರ್ಟ್, ರೆಡ್ ಅಲರ್ಟ್ ಎಂದು ಹಿಂದಿನ ರಾತ್ರಿಯೇ ಬರುತ್ತದೆ, ಜಿಲ್ಲಾಧಿಕಾರಿ ರಜೆ ಕೊಡುತ್ತಾರೆ, ಬೆಳಗ್ಗೆ ನೋಡಿದರೆ ಚೆಂದದ ಬಿಸಿಲು!

2020ರ ಸೆಪ್ಟೆಂಬರಿನಲ್ಲಿ ಉಡುಪಿಯಲ್ಲಿ ನೆರೆ ಬಂದು ಇಂದ್ರಾಣಿ ತೋಡು ಉಕ್ಕಿತಲ್ಲ, ಆ ಭಾನುವಾರ ಬೆಳಗ್ಗೆ ಸರ್ ಫೋನ್ ಮಾಡಿದ್ದರು. ವಯಸ್ಸು ಎಂಬತ್ತರ ಹತ್ತಿರ. ಕುಶಲ ವಿಚಾರಿಸಲಿಲ್ಲ. ‘ಡಬ್ಬ ತುಂಬಿ ಹೊರಗೆ ಹರಿದಿದೆ ಮಾರಾಯ. ಈ ಸಲ ನೀವು ಯಾರೂ ಹೊಯ್ದದ್ದಲ್ಲ ತಾನೆ?’ ಎಂದರು. ಅಷ್ಟು ವರ್ಷ ಅವರು ಅಳೆಯುವುದನ್ನು ಬಿಟ್ಟಿರಲಿಲ್ಲ ಎಂದು ನನಗೆ ಆಗಲೇ ಗೊತ್ತಾದದ್ದು.

ಕಳೆದ ಆಟಿಯಲ್ಲಿ ಅವರು ತೀರಿಕೊಂಡರು. ಮಲ್ಪೆಯವನು, ಕುಂದಾಪುರದವನು, ನಾನು ಮೂವರೂ ಹೋಗಿದ್ದೆವು. ಅವರ ಮಗ ಒಳಗಿನಿಂದ ನೋಟ್‌ಬುಕ್ಕುಗಳ ಒಂದು ಕಟ್ಟು ತಂದು ತೋರಿಸಿದರು. ಎಲ್ಲ ಮಳೆಯದ್ದೇ. 1977ರ ಪುಸ್ತಕದಲ್ಲಿ ನನ್ನ ಅಕ್ಷರ ಇತ್ತು. ಆ ದಿನದ ಸಾಲಿನಲ್ಲಿ ಮಾತ್ರ ಸರ್ ಕೆಂಪು ಶಾಯಿಯಲ್ಲಿ 16ನ್ನು ಹೊಡೆದು ಹಾಕಿ 4 ಎಂದು ತಿದ್ದಿದ್ದರು. ಪಕ್ಕದಲ್ಲಿ ‘ಗೊ. 1’ ಎಂದು ಹಾಗೆಯೇ ಬಿಟ್ಟಿದ್ದರು.

ನಮ್ಮ ಬ್ಯಾಚಿನವರು ಶಾಲೆಗೆ ಏನಾದರೂ ಕೊಡಬೇಕು ಎಂದು ಚರ್ಚೆ ನಡೆಯುತ್ತಿದೆ. ಸ್ಮಾರ್ಟ್ ಬೋರ್ಡ್, ವಾಟರ್ ಫಿಲ್ಟರ್ ಎಂದು ವಾಟ್ಸಾಪಿನಲ್ಲಿ ದಿನಾ ಬರುತ್ತದೆ. ಕೊಡಲಿ, ಬೇಡ ಎನ್ನುವುದಿಲ್ಲ. ಹೆಡ್ ಮಿಸ್ಟ್ರೆಸ್ ಅವರಲ್ಲಿ ನನ್ನದು ಬೇರೆಯೇ ಒಂದು ಬೇಡಿಕೆ. ಅಂಗಳದಲ್ಲಿ ಮರದ ಕೆಳಗಲ್ಲದ, ಮಾಡಿನ ನೀರು ಬೀಳದ ಒಂದಡಿ ಜಾಗ ಬಿಟ್ಟುಕೊಡಿ. ಡಬ್ಬ ನಾನು ತರುತ್ತೇನೆ, ಸ್ಕೇಲೂ ನಾನೇ ತರುತ್ತೇನೆ. ಹಿಂದಿನ ಹೊಂಡ ಮುಚ್ಚಿ ಸೈಕಲ್ ಸ್ಟ್ಯಾಂಡ್ ಮಾಡಿದ್ದೀರಿ, ಹಾಗಾಗಿ ಆ ಒಂದು ಹೆದರಿಕೆ ನಿಮಗೆ ಬೇಡ.