ಸೆರಗಿಗೆ ಬಿದ್ದ ಬಿಸಿ ರೊಟ್ಟಿ

ದತ್ತನ ಕ್ಷೇತ್ರ ಗಾಣಗಾಪುರಕ್ಕೆ ಚಿಕ್ಕಂದಿನಿಂದ ಹೋಗುತ್ತಿದ್ದೇನೆ. ಕಲಬುರಗಿಯವರಿಗೆ ಅದೇನು ದೂರ ಅಲ್ವಲ್ಲ. ಭೀಮಾ-ಅಮರಜಾ ಸಂಗಮದಲ್ಲಿ ಸ್ನಾನ, ಔದುಂಬರಕ್ಕೆ (ಅತ್ತಿಮರ) ಪ್ರದಕ್ಷಿಣೆ, ಆ ಪುಟ್ಟ ಕಿಂಡಿಯಲ್ಲಿ ಗುರುಗಳ ನಿರ್ಗುಣ ಪಾದುಕೆಯ ದರ್ಶನ, ಎಲ್ಲಾ ಆಗಿದೆ. ಭಕ್ತರು ಮನೆ ಮನೆ ಮುಂದೆ ನಿಂತು ಬೇಡುವ ಭಿಕ್ಷೆ, ಮಧುಕರಿ, ಅದನ್ನು ಮಾತ್ರ ಯಾವತ್ತೂ ಬೇಡಿರಲಿಲ್ಲ. ಮನೆಯಿಂದ ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಂಡು ಹೋಗಿ ಬೇಡುವವರಿಗೆ ನೀಡುತ್ತಿದ್ದೆ.

ಈ ವರ್ಷ ನಾನೇ ಸೆರಗೊಡ್ಡಿದೆ. ಯಜಮಾನರಿಗೆ ಪಾರ್ಶ್ವವಾಯು ಹೊಡೆಯಿತು. ಬೆಳಿಗ್ಗೆ ಚಹಾ ಕುಡಿದು ಅಂಗಡಿಗೆ ಹೋದವರು ಮಧ್ಯಾಹ್ನಕ್ಕೆ ಆಸ್ಪತ್ರೆಯಲ್ಲಿದ್ದರು. ಅಂಗಡಿ ಮುಚ್ಚಿತು. ಸಾಲ, ಔಷಧ, ಲೆಕ್ಕ ಎಲ್ಲಾ ನನ್ನ ತಲೆಗೇ ಬಂತು. ಅದಕ್ಕಿಂತ ಜಾಸ್ತಿ ನೋವಾಗುತ್ತಿದ್ದುದು ಯಾರಾದರೂ ಸಹಾಯಕ್ಕೆ ಬಂದಾಗ. ಕೊಟ್ಟೇ ರೂಢಿಯಾದ ಕೈಗೆ ಇಸ್ಕೊಳ್ಳುವುದು ಬಲು ಕಷ್ಟ.

ಮೊದಲ ಮನೆ ಮುಂದೆ "ಭವತಿ ಭಿಕ್ಷಾಂ ದೇಹಿ" ಎನ್ನಲು ಬಾಯೇ ಬರಲಿಲ್ಲ. ಒಳಗಿಂದ ಒಬ್ಬ ಅಜ್ಜಿ ಬಂದಳು. ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. ಆಗಷ್ಟೇ ಹಂಚಿನಿಂದ ತೆಗೆದ ಜೋಳದ ರೊಟ್ಟಿಯನ್ನು ಸೆರಗಿಗೆ ಹಾಕಿದಳು. ಆ ಬಿಸಿ! ಸೀರೆ ದಾಟಿ ಹೊಟ್ಟೆಗೆ ತಾಗಿತು. ಅಂಚು ಒಂದಿಷ್ಟು ಕರಕಲಾಗಿತ್ತು, ಮೇಲೆ ಒಣ ಹಿಟ್ಟು ಹಾಗೇ ಇತ್ತು. ಕಣ್ಣಲ್ಲಿ ನೀರು ಬಂದು ನಿಲ್ಲಲೇ ಇಲ್ಲ. ಮುಂದಿನ ಮನೆಗಳಲ್ಲಿ ಏನು ಹಾಕಿದರೋ ನೆನಪಿಲ್ಲ.

ದತ್ತನ ಅವತಾರ ಎನ್ನುವ ಗುರು ನೃಸಿಂಹ ಸರಸ್ವತಿಗಳು ಗಾಣಗಾಪುರ ಬಿಟ್ಟು ಶ್ರೀಶೈಲಕ್ಕೆ ಹೊರಟಾಗ ಊರಿಗೆ ಊರೇ ಅತ್ತಿತಂತೆ. ಮಧ್ಯಾಹ್ನದ ಭಿಕ್ಷೆಗೆ ದಿನಾ ಬರುತ್ತೇನೆ ಎಂದು ಗುರುಗಳು ಮಾತು ಕೊಟ್ಟರು. ಬೇಡುವವರಲ್ಲಿ ದತ್ತ ಇರುತ್ತಾನೆ ಎಂದೇ ಎಲ್ಲರೂ ನೀಡುವುದು. ಆವತ್ತು ನನಗೆ ಹೊಸ್ತಿಲ ಒಳಗೆ ನಿಂತವಳೇ ದತ್ತ ಅನ್ನಿಸಿತು.

ನಮ್ಮ ಆಯಿ ಬರಡು ಎಮ್ಮೆಯ ಕಥೆ ಹೇಳುತ್ತಿದ್ದಳು. ಗುರುಗಳ ಕೃಪೆಯಿಂದ ಅದು ಹಾಲು ಕೊಟ್ಟದ್ದು ಎಲ್ಲರಿಗೂ ಗೊತ್ತು. ಆಯಿ ಮಾತ್ರ ಅದಕ್ಕೂ ಮೊದಲೇ ಕಥೆ ನಿಲ್ಲಿಸುತ್ತಿದ್ದಳು. ಮಣ್ಣು ಹೊರಲು ಬಾಡಿಗೆಗೆ ಹೋಗುತ್ತಿದ್ದ ಎಮ್ಮೆ ಅದು. ಗುರುಗಳು ಆ ಮನೆಗೆ ಭಿಕ್ಷೆಗೆ ಬಂದ ದಿನ ಯಾರೂ ಅದನ್ನು ಒಯ್ದಿರಲಿಲ್ಲ. "ದುಡಿಮೆ ತಪ್ಪಿದ ದಿನಾನೇ ಗುರು ಬಾಗಿಲಿಗೆ ಬಂದ ನೋಡವ್ವ" ಎನ್ನುವಳು. ಆಗ ಸುಮ್ನೆ ಕೇಳಿದ್ದೆ. ಈಗ ಆ ಮಾತು ಹಿಡಿದುಕೊಂಡೇ ದಿನ ದೂಡುತ್ತಿದ್ದೇನೆ.

ದುಃಖ ಹೋಗಿಲ್ಲ. ಯಜಮಾನರ ಬಲಗೈ ಇನ್ನೂ ಏಳುವುದಿಲ್ಲ, ಕೆಲವು ರಾತ್ರಿ ನಿದ್ದೆ ಬರುವುದಿಲ್ಲ. ಆದರೆ ಪಕ್ಕದ ಮನೆಯಾಕೆ ಸಾರು ತಂದರೆ ಎದೆ ಬಿಗಿಯುವುದು ನಿಂತಿದೆ. ಕೂರಿಸಿ ಮಾತಾಡಿಸುತ್ತೇನೆ, ಅವರೂ ಎರಡು ಮಾತಾಡಿ ನಗುತ್ತಾರೆ.

ಒಂದು ಮಾತು ಹೇಳಲೇಬೇಕು. ಈಗೀಗ ಮಧುಕರಿ ಬೇಡುವಾಗಲೂ ಮೊಬೈಲ್ ಎತ್ತಿ ಫೋಟೋ ತೆಗೆಯುತ್ತಾರೆ. ಸಿಹಿ ತಿಂದು ರೊಟ್ಟಿ ಅಲ್ಲೇ ಮೂಲೆಗೆ ಬಿಸಾಕುತ್ತಾರೆ. ನೋಡಿ ಹೊಟ್ಟೆ ಉರಿಯಿತು. ಮಾರ್ಗಶಿರ ಹುಣ್ಣಿಮೆಗೆ ದತ್ತ ಜಯಂತಿ ಬರುತ್ತದೆ. ಹೋಗುವವರು ದಯವಿಟ್ಟು ಐದು ಮನೆ ಬೇಡಿ, ಬಿದ್ದದ್ದನ್ನೆಲ್ಲಾ ಅಲ್ಲೇ ಕೂತು ಉಣ್ಣಿ.