ಎಎಸ್‌ಎಫ್1 ಜೊತೆಗೆ ಇನ್ನೊಂದು ಜೀನ್ ತೆಗೆದಾಗ

ಎಎಸ್‌ಎಫ್1 ಒಂದು ಹಿಸ್ಟೋನ್ ಚಾಪರಾನ್, ಅಂದರೆ ಡಿಎನ್‌ಎ ಸುತ್ತಿಕೊಳ್ಳುವ ಹಿಸ್ಟೋನ್ ಪ್ರೋಟೀನುಗಳನ್ನು ಹಿಡಿದು ಸಾಗಿಸುವ ಪ್ರೋಟೀನ್. ಯೀಸ್ಟ್‌ನಲ್ಲಿ ಇದರ ಜೀನನ್ನು ಪೂರ್ತಿ ತೆಗೆದರೂ ಕೋಶ ಬದುಕುತ್ತದೆ. ಬೆಳವಣಿಗೆ ನಿಧಾನವಾಗುತ್ತದೆ, ಹೈಡ್ರಾಕ್ಸಿಯೂರಿಯಾ, ಎಂಎಂಎಸ್, ಕ್ಯಾಂಪ್ಟೊಥೆಸಿನ್‌ನಂಥ, ಡಿಎನ್‌ಎಗೆ ಪೆಟ್ಟು ಕೊಡುವ ಅಥವಾ ಅದರ ನಕಲನ್ನು ತಡೆಯುವ ರಾಸಾಯನಿಕಗಳನ್ನು ತಡೆದುಕೊಳ್ಳುವ ಶಕ್ತಿ ಕುಗ್ಗುತ್ತದೆ. ಜೆನೆಟಿಕ್ ಇಂಟರ್ಯಾಕ್ಷನ್ (ಎರಡು ಜೀನ್ ಒಟ್ಟಿಗೆ ತೆಗೆದಾಗ ಪರಿಣಾಮ ನಿರೀಕ್ಷೆಗಿಂತ ಬೇರೆಯಾಗುವುದು) ಹುಡುಕುವವರಿಗೆ ಇದಕ್ಕಿಂತ ಒಳ್ಳೆಯ ಹಿಸ್ಟೋನ್ ಚಾಪರಾನ್ ಸಿಗುವುದು ಕಷ್ಟ. ಆದರೆ ಇದು ಒಂದೇ ಕೆಲಸ ಮಾಡುವ ಪ್ರೋಟೀನ್ ಅಲ್ಲ. ಎಚ್3-ಎಚ್4 ಹಿಸ್ಟೋನ್ ಜೋಡಿಯನ್ನು ಹಿಡಿದು ಆರ್‌ಟಿಟಿ109 ಎಂಬ ಕಿಣ್ವದ ಮುಂದೆ ಇಡುತ್ತದೆ, ಆಗ ಎಚ್3ರ 56ನೇ ಲೈಸೀನ್‌ಗೆ ಅಸಿಟೈಲ್ ಗುಂಪು ಸೇರುತ್ತದೆ. ಎಚ್‌ಐಆರ್ ಸಂಕೀರ್ಣದ ಜೊತೆ ಸೇರಿ ಡಿಎನ್‌ಎ ನಕಲಿಗೆ ಸಂಬಂಧವಿಲ್ಲದ ನ್ಯೂಕ್ಲಿಯೋಸೋಮ್ (ಹಿಸ್ಟೋನ್ ಉಂಡೆಗೆ ಸುತ್ತಿದ ಡಿಎನ್‌ಎ) ಕಟ್ಟುವಿಕೆಯಲ್ಲೂ ಕೈಜೋಡಿಸುತ್ತದೆ. ಡಿಎನ್‌ಎ ಕೆಟ್ಟಾಗ ಕೋಶವಿಭಜನೆ ತಡೆಯುವ ಚೆಕ್‌ಪಾಯಿಂಟ್ ಕೈನೇಸ್ ಆದ ರ್‍ಯಾಡ್53ಕ್ಕೂ ಅಂಟಿಕೊಂಡಿರುತ್ತದೆ.

ಹಾಗಾಗಿ ಎಎಸ್‌ಎಫ್1 ಜೊತೆ ಬೇರೆ ಜೀನೊಂದನ್ನು ತೆಗೆದು ತಳಿ ಸೊರಗಿತು ಎಂದರೆ, ಸೊರಗಿದ್ದು ಯಾವ ಕೆಲಸ ನಿಂತದ್ದರಿಂದ ಎಂದು ಹೇಳಲು ಬರುವುದಿಲ್ಲ. ಅದೇ ಜೀನನ್ನು ಆರ್‌ಟಿಟಿ109 ಜೊತೆಗೂ ಎಚ್‌ಐಆರ್ ಸಂಕೀರ್ಣದ ಎಚ್‌ಐಆರ್1 ಜೊತೆಗೂ ತೆಗೆದು ಪಕ್ಕಪಕ್ಕದಲ್ಲಿ ಇಟ್ಟು ನೋಡಲೇಬೇಕು. ಆರ್‌ಟಿಟಿ109 ಸಾಲಿನಲ್ಲೂ ಅದೇ ಪರಿಣಾಮ ಕಂಡರೆ ಲೈಸೀನ್ 56ರ ದಾರಿ ಎಂದು ಅನುಮಾನಿಸಬಹುದು. ಆ ಲೈಸೀನನ್ನು ಆರ್ಜಿನೀನ್ ಮಾಡಿದ ಎಚ್3 ತಳಿಯಲ್ಲೂ ಕಂಡರೆ ಮಾತು ಗಟ್ಟಿ. ಎಚ್3-ಎಚ್4 ಹಿಡಿಯಲಾಗದ ಎಎಸ್‌ಎಫ್1ರ ವಿ94ಆರ್ ರೂಪವೂ ಕೈಯಲ್ಲಿರಲಿ: ಪ್ರೋಟೀನ್ ಇದೆ, ಹಿಸ್ಟೋನ್ ಹಿಡಿತ ಇಲ್ಲ.

ಅಳೆಯುವ ಗುಣ ಬದಲಾದರೆ ಉತ್ತರವೂ ಬದಲಾಗುತ್ತದೆ. ಸೈಲೆನ್ಸಿಂಗ್ (ಕ್ರೋಮೋಸೋಮ್‌ನ ಕೆಲವು ಭಾಗಗಳ ಜೀನ್‌ಗಳನ್ನು ಮೌನವಾಗಿಡುವುದು) ನೋಡಿದರೆ ಎಎಸ್‌ಎಫ್1 ಮತ್ತು ಎಚ್‌ಐಆರ್1 ಎರಡನ್ನೂ ತೆಗೆದ ತಳಿ ಎಎಸ್‌ಎಫ್1 ಒಂದನ್ನೇ ತೆಗೆದದ್ದಕ್ಕಿಂತ ಕೆಡುವುದಿಲ್ಲ, ಅಂದರೆ ಇವು ಒಂದೇ ದಾರಿಯಲ್ಲಿವೆ. ಡಿಎನ್‌ಎ ನಕಲಿನ ವೇಳೆ ನ್ಯೂಕ್ಲಿಯೋಸೋಮ್ ಕಟ್ಟುವ ಸಿಎಎಫ್-1 ಸಂಕೀರ್ಣದ ಕ್ಯಾಕ್1 ಜೊತೆ ತೆಗೆದರೆ ಸೈಲೆನ್ಸಿಂಗ್ ತೀರಾ ಕುಸಿಯುತ್ತದೆ, ಬೆಳವಣಿಗೆಯೂ ಕುಂಟುತ್ತದೆ. ನನಗೆ ಎಲ್ಲಕ್ಕಿಂತ ಚೆಂದ ಅನ್ನಿಸುವುದು ಎಚ್‌ಎಸ್‌ಟಿ3, ಎಚ್‌ಎಸ್‌ಟಿ4 ಪ್ರಕರಣ. ಇವೆರಡೂ ಲೈಸೀನ್ 56ರ ಅಸಿಟೈಲ್ ಗುಂಪನ್ನು ಕೀಳುವ ಕಿಣ್ವಗಳು. ಎರಡನ್ನೂ ತೆಗೆದರೆ ಕೋಶ 37 ಡಿಗ್ರಿಯಲ್ಲಿ ಬೆಳೆಯಲಾರದು. ಮೇಲಿಂದ ಎಎಸ್‌ಎಫ್1 ಕೂಡ ತೆಗೆದರೆ ಚೇತರಿಸಿಕೊಳ್ಳುತ್ತದೆ. ಗುಂಪು ಸೇರುವುದೇ ನಿಂತಾಗ ಕೀಳುವವರ ಅಗತ್ಯವೂ ಇಲ್ಲವಾಗುತ್ತದೆ.

ತಳಿ ಕಟ್ಟುವಾಗ ಎಎಸ್‌ಎಫ್1 ಜಾಗದಲ್ಲಿ ನ್ಯಾಟ್, ಇನ್ನೊಂದರಲ್ಲಿ ಕ್ಯಾನ್ (kan) ಮಾರ್ಕರ್, ಅಂದರೆ ಔಷಧ ತಡೆಯುವ ಗುರುತು ಜೀನ್, ಇಟ್ಟು ಕ್ರಾಸ್ ಮಾಡಿ. ನ್ಯಾಟ್‌ಗೆ ಮಿಲಿಲೀಟರಿಗೆ ನೌರ್ಸಿಯೋಥ್ರಿಸಿನ್ 100 ಮೈಕ್ರೋಗ್ರಾಂ, ಕ್ಯಾನ್‌ಗೆ ಜಿ418 200 ಮೈಕ್ರೋಗ್ರಾಂ. ಸಿಂಥೆಟಿಕ್ ಮಾಧ್ಯಮದಲ್ಲಿ ಜಿ418 ಹಾಕುವುದಾದರೆ ಅಮೋನಿಯಂ ಸಲ್ಫೇಟ್ ಬಿಟ್ಟು ಲೀಟರಿಗೆ 1 ಗ್ರಾಂ ಮಾನೋಸೋಡಿಯಂ ಗ್ಲುಟಮೇಟ್ ಬಳಸಿ. ಅಮೋನಿಯಂ ಇದ್ದರೆ ಔಷಧ ಸರಿಯಾಗಿ ಕೆಲಸ ಮಾಡದೆ, ಮಾರ್ಕರ್ ಇಲ್ಲದ ಕೋಶಗಳೂ ಬೆಳೆದುಬಿಡುತ್ತವೆ. ಎಸ್‌ಜಿಎ (ಒಂದು ಮ್ಯೂಟೆಂಟನ್ನು ಸಾವಿರಾರು ಮ್ಯೂಟೆಂಟ್‌ಗಳ ಜೊತೆ ಸಾಲಾಗಿ ಕ್ರಾಸ್ ಮಾಡುವ ವಿಧಾನ) ಮಾದರಿಯ ದೊಡ್ಡ ಸ್ಕ್ರೀನ್ ಮಾಡಿದ್ದರೆ ಹತ್ತನೇ ಕ್ರೋಮೋಸೋಮ್‌ನಲ್ಲಿ ಎಎಸ್‌ಎಫ್1ರ ಎರಡೂ ಬದಿಯ ಸುಮಾರು 200 ಕಿಲೋಬೇಸ್ ಒಳಗಿನ ಹಿಟ್‌ಗಳನ್ನು ಪಕ್ಕಕ್ಕಿಡಿ. ಅಲ್ಲಿ ಡಬಲ್ ಮ್ಯೂಟೆಂಟ್ ಸಿಗದಿರುವುದು ಲಿಂಕೇಜ್‌ನಿಂದ, ಅಂದರೆ ಹತ್ತಿರದ ಜೀನ್‌ಗಳು ಒಟ್ಟಿಗೇ ಸಾಗುವುದರಿಂದ. ಉಳಿದ ಹಿಟ್‌ಗಳನ್ನು ಟೆಟ್ರಾಡ್ (ಒಂದು ಮಿಯೋಸಿಸ್‌ನ ನಾಲ್ಕು ಬೀಜಾಣು) ಬಿಡಿಸಿಯೇ ಖಚಿತಪಡಿಸಿಕೊಳ್ಳಿ. ಟೆಟ್ರಾಟೈಪ್‌ನಲ್ಲಿ (ನಾಲ್ಕೂ ಬಗೆ ಒಂದೊಂದು) ಒಂದು ಬೀಜಾಣು, ನಾನ್‌ಪೇರೆಂಟಲ್ ಡೈಟೈಪ್‌ನಲ್ಲಿ (ಎರಡು ಡಬಲ್ ಮ್ಯೂಟೆಂಟ್, ಎರಡು ಸಹಜ) ಎರಡು ಮೇಲೇಳಬಾರದು, ಸತ್ತವೆಲ್ಲ ಲೆಕ್ಕದ ಪ್ರಕಾರ ಡಬಲ್ ಮ್ಯೂಟೆಂಟೇ ಆಗಿರಬೇಕು. ಆಗ ಮಾತ್ರ ಸಿಂಥೆಟಿಕ್ ಲೀಥಲ್ ಎನ್ನಿ.

ಸಾಯದೆ ಸೊರಗಿದವುಗಳಿಗೆ ಗುಣಾಕಾರದ ಲೆಕ್ಕ. ಸಹಜ ತಳಿ 1 ಎಂದಿಟ್ಟುಕೊಂಡು ಒಂದರ ಬೆಳವಣಿಗೆ 0.7, ಇನ್ನೊಂದರದು 0.8 ಇದ್ದರೆ ಜೋಡಿಗೆ 0.56 ನಿರೀಕ್ಷಿತ, ಅಷ್ಟೇ ಬಂದರೆ ಇಂಟರ್ಯಾಕ್ಷನ್ ಇಲ್ಲ.

ಸ್ಪಾಟ್ ಪರೀಕ್ಷೆಯಲ್ಲಿ (ಪ್ಲೇಟಿನ ಮೇಲೆ ಹನಿ ಇಟ್ಟು ಬೆಳವಣಿಗೆ ಹೋಲಿಸುವುದು) ಓಡಿಯನ್ನು (OD, ಕಲ್ಚರಿನ ಮಬ್ಬಿನ ಅಳತೆ) ನಂಬಬೇಡಿ. ಎಎಸ್‌ಎಫ್1 ಇಲ್ಲದ ಕೋಶಗಳು ಕೋಶವಿಭಜನೆಯ ಜಿ2/ಎಂ ಹಂತದಲ್ಲಿ ತಡವರಿಸಿ ದಪ್ಪಗಾಗುತ್ತವೆ, ಹಾಗಾಗಿ ಅದೇ ಓಡಿಯಲ್ಲಿ ಕೋಶಗಳ ಸಂಖ್ಯೆ ಕಡಿಮೆ. ಹಿಮೋಸೈಟೋಮೀಟರ್‌ನಲ್ಲಿ ಎಣಿಸಿ ಸಮ ಮಾಡಿಕೊಂಡು, ಹತ್ತು ಪಟ್ಟು ತೆಳುಗೊಳಿಸುತ್ತಾ 5 ಮೈಕ್ರೋಲೀಟರ್ ಹನಿ ಇಡಿ. 100 ಮಿಲಿಮೋಲಾರ್ ಹೈಡ್ರಾಕ್ಸಿಯೂರಿಯಾ ಎಂದರೆ ಲೀಟರಿಗೆ 7.6 ಗ್ರಾಂ. ಎಂಎಂಎಸ್ ಅನ್ನು ಅಗರ್ 55 ಡಿಗ್ರಿಗೆ ಇಳಿದ ಮೇಲೆ, ಫ್ಯೂಮ್ ಹುಡ್ ಒಳಗೇ ಬೆರೆಸಿ. ಆ ಪ್ಲೇಟುಗಳನ್ನು ಅಂದೇ ಬಳಸಿ. ಎಂಎಂಎಸ್ ನೀರಿನಲ್ಲಿ ಒಡೆಯುತ್ತಾ ಹೋಗುತ್ತದೆ, ಹಳೆಯ ಪ್ಲೇಟಿನಲ್ಲಿ ಎಲ್ಲ ತಳಿಯೂ ಆರೋಗ್ಯವಾಗಿಯೇ ಕಾಣುತ್ತದೆ.

ಟೆಲೊಮಿಯರ್ (ಕ್ರೋಮೋಸೋಮ್ ತುದಿ) ಪಕ್ಕದ ಯುಆರ್‌ಎ3 ಮತ್ತು 5-ಎಫ್‌ಒಎ ಪರೀಕ್ಷೆ (ಯುಆರ್‌ಎ3 ಜೀನ್ ಕೆಲಸ ಮಾಡುವ ಕೋಶವನ್ನು 5-ಎಫ್‌ಒಎ ಕೊಲ್ಲುತ್ತದೆ) ಒಂದನ್ನೇ ನೆಚ್ಚಿ ಸೈಲೆನ್ಸಿಂಗ್ ಹೋಯಿತು ಎನ್ನಬೇಡಿ. ಕ್ಯಾಕ್1ನಂಥ ಕೆಲವು ಮ್ಯೂಟೆಂಟ್‌ಗಳಲ್ಲಿ ಡಿಎನ್‌ಎಯ ಬಿಡಿಭಾಗಗಳನ್ನು ತಯಾರಿಸುವ ಕಿಣ್ವವಾದ ರೈಬೋನ್ಯೂಕ್ಲಿಯೋಟೈಡ್ ರಿಡಕ್ಟೇಸ್ ಮಟ್ಟ ಏರುಪೇರಾಗಿ, ಯುಆರ್‌ಎ3 ಮೌನವಾಗಿದ್ದರೂ 5-ಎಫ್‌ಒಎ ಕೋಶವನ್ನು ಕೊಲ್ಲುತ್ತದೆ. ಆರ್‌ಎನ್‌ಎಯನ್ನೇ ನೇರವಾಗಿ ಅಳೆಯಿರಿ.

ಕೊನೆಯದಾಗಿ ಸಪ್ರೆಸರ್ (ಮೂಲ ದೋಷವನ್ನು ಮರೆಮಾಡುವ ಹೊಸ ಮ್ಯುಟೇಷನ್) ಕಾಟ. ಎಎಸ್‌ಎಫ್1 ಇಲ್ಲದಾಗ ಕ್ರೋಮೋಸೋಮ್ ಮರುಜೋಡಣೆ ಹೆಚ್ಚು, ಅದರ ಮೇಲೆ ಸೊರಗಿದ ಡಬಲ್ ಮ್ಯೂಟೆಂಟ್‌ನಲ್ಲಿ ವೇಗವಾಗಿ ಬೆಳೆಯುವ ಯಾವುದೇ ಕೋಶ ಕಲ್ಚರನ್ನು ಬೇಗ ಆಕ್ರಮಿಸುತ್ತದೆ. ಸ್ಟ್ರೀಕ್ ಮಾಡಿದಾಗ ಸಣ್ಣ ಕಾಲೊನಿಗಳ ನಡುವೆ ಒಂದೆರಡು ದೊಡ್ಡವು ಕಂಡರೆ ಸಾಮಾನ್ಯವಾಗಿ ಅದೇ ಕಾರಣ, ಅವನ್ನು ಆರಿಸಬೇಡಿ. ಎಎಸ್‌ಎಫ್1 ಇರುವ ಯುಆರ್‌ಎ3 ಪ್ಲಾಸ್ಮಿಡ್ ತುಂಬಿಟ್ಟು ತಳಿಯನ್ನು ಫ್ರೀಜ್ ಮಾಡಿ, ಪ್ರಯೋಗಕ್ಕೆ ಮುಂಚೆ ಲೀಟರಿಗೆ 1 ಗ್ರಾಂ 5-ಎಫ್‌ಒಎ ಇರುವ ಪ್ಲೇಟಿನಲ್ಲಿ ಪ್ಲಾಸ್ಮಿಡ್ ಕಳೆಯಿರಿ. ಬೇರೆ ಬೇರೆ ಬೀಜಾಣುಗಳಿಂದ ಬಂದ ಕನಿಷ್ಠ ಮೂರು ತಳಿಗಳಲ್ಲಿ ಒಂದೇ ಫಲ ಬರಬೇಕು.